ಶರಣು ಕೂಗಲು ಉಸಿರು ಬೇಕು





ಹೋದ ವಾರ ಇರುಮುಡಿ ಕಟ್ಟುವ ಕ್ರಮ ಬರೆದಿದ್ದೆ. ಈ ವಾರ ಹದಿನೆಂಟು ಮೆಟ್ಟಿಲುಗಳ ಅರ್ಥ ಬರೆಯಬೇಕೆಂದಿತ್ತು. ಅಷ್ಟರಲ್ಲಿ ಒಬ್ಬ ಕನ್ನಿಸ್ವಾಮಿಯಿಂದ ಪ್ರಶ್ನೆ ಬಂತು. "ಗುರುಸ್ವಾಮಿ, ನನಗೆ ಸಣ್ಣಂದಿನಿಂದ ಅಸ್ತಮಾ ಇದೆ. ವ್ರತದಲ್ಲಿ ಇನ್ಹೇಲರ್ ತೆಗೆದುಕೊಳ್ಳಬಹುದಾ? ವ್ರತಕ್ಕೆ ಭಂಗ ಬರುತ್ತದಾ?"

ಮೆಟ್ಟಿಲು ಮುಂದಿನ ವಾರಕ್ಕಿರಲಿ. ಈ ಪ್ರಶ್ನೆಗೆ ಉತ್ತರ ಇವತ್ತೇ ಕೊಡಬೇಕು. ಯಾಕೆಂದರೆ ಇದೇ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ಹುಡುಗ ಕೇಳಿದ್ದ, ಆಗ ನಾನು ತಪ್ಪು ಉತ್ತರ ಕೊಟ್ಟಿದ್ದೆ. ಅದನ್ನು ಮುಚ್ಚಿಟ್ಟು ಉಪದೇಶ ಮಾಡಿದರೆ ನನ್ನ ಕೊರಳಿನ ಮಾಲೆಗೆ ಮರ್ಯಾದೆ ಇಲ್ಲ.

ಪಂಪೆಗೆ ಹೋಗುವವನಿಗೆ ಪಂಪ್ ಯಾಕೆ?

ಆ ವರ್ಷ ನನ್ನದು 17ನೇ ಯಾತ್ರೆ. ಚೆಂಬೂರಿನ ನಮ್ಮ ಭಜನೆಯ ಕೋಣೆಯಲ್ಲಿ ಮಾಲಾಧಾರಣೆ ಮುಗಿದು ಎಲ್ಲರೂ ಕೂತಿದ್ದೆವು. ಹತ್ತೊಂಬತ್ತು ವರ್ಷದ ಹುಡುಗ, ಕನ್ನಿಸ್ವಾಮಿ. ತಂದೆ ಇಲ್ಲಿ ಹೋಟೆಲಿನಲ್ಲಿ, ಊರು ಕುಂದಾಪುರದ ಕಡೆ. ಹುಟ್ಟಿ ಬೆಳೆದದ್ದೆಲ್ಲ ಚೆಂಬೂರಿನಲ್ಲಿ. ಅವನು ಕಿಸೆಯಿಂದ ನೀಲಿ ಬಣ್ಣದ ಇನ್ಹೇಲರ್ ತೆಗೆದು ತೋರಿಸಿ, "ಗುರುಸ್ವಾಮಿ, ಈ ಪಂಪ್ ವ್ರತದಲ್ಲಿ ತಗೊಳ್ಳಬಹುದಾ?" ಅಂದ.

ನಾನು ತಮಾಷೆಗೆ ಹೇಳಿದೆ: "ಪಂಪೆಗೆ ಹೋಗುವವನಿಗೆ ಪಂಪ್ ಯಾಕೆ ಸ್ವಾಮಿ? ಎಲ್ಲ ಅಯ್ಯಪ್ಪನೇ ನೋಡಿಕೊಳ್ಳುತ್ತಾನೆ."

ಕೋಣೆಯೆಲ್ಲ ನಕ್ಕಿತು. ಹುಡುಗನೂ ನಕ್ಕ. ನಾನು ಮರುಕ್ಷಣವೇ ಮರೆತೆ. ಅವನು ಮರೆಯಲಿಲ್ಲ. ಗುರುಸ್ವಾಮಿಯ ಬಾಯಿಂದ ಬಂದ ಮಾತು ಕನ್ನಿಸ್ವಾಮಿಗೆ ಅಪ್ಪಣೆ. ಅವತ್ತಿನಿಂದ ಇನ್ಹೇಲರನ್ನು ಮನೆಯ ಕಪಾಟಿನಲ್ಲಿಟ್ಟ. ತಾಯಿ ಕೇಳಿದ್ದಕ್ಕೆ, "ಅಮ್ಮ, ಗುರುಸ್ವಾಮಿ ಬೇಡ ಅಂದಿದ್ದಾರೆ" ಅಂದನಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು.

ವ್ರತದ ದಿನಗಳು ಹೇಗೋ ಕಳೆದವು. ರಾತ್ರಿ ಕೆಮ್ಮುತ್ತಿದ್ದ, ತಣ್ಣೀರು ಸ್ನಾನದಿಂದ ಶೀತ ಆಗಿದೆ ಎನ್ನುತ್ತಿದ್ದ. ಕುರ್ಲಾ ಟರ್ಮಿನಸ್ಸಿನಲ್ಲಿ ರೈಲು ಹತ್ತಿ, ಚೆಂಗನ್ನೂರಿನಲ್ಲಿ ಇಳಿದು, ಪಂಪೆಯಲ್ಲಿ ಮಿಂದು ಬೆಟ್ಟ ಹತ್ತಲು ಶುರು ಮಾಡಿದೆವು. ಹೋದವರಿಗೆ ಗೊತ್ತು: ಪಂಪೆಯಿಂದ ಸನ್ನಿಧಾನಕ್ಕೆ ದಾರಿ ಸುಮಾರು 5 ಕಿಲೋಮೀಟರ್. ಅದರ ಕಷ್ಟವೆಲ್ಲ ಮೊದಲರ್ಧದಲ್ಲಿದೆ. ಮೊದಲು ನೀಲಿಮಲೆ, ಅದು ಮುಗಿಯಿತು ಅನ್ನುವಾಗ ಅಪ್ಪಾಚಿಮೇಡು. ಶಬರಿಪೀಠ ಮುಟ್ಟಿದ ಮೇಲೆ ದಾರಿ ಕರುಣೆ ತೋರಿಸುತ್ತದೆ.

ನೀಲಿಮಲೆಯಲ್ಲಿ ಹುಡುಗನ ಶರಣು ನಿಂತಿತು. ನಾನು "ಸ್ವಾಮಿಯೇ" ಎಂದರೆ ಎಲ್ಲರೂ "ಶರಣಂ ಅಯ್ಯಪ್ಪ" ಎನ್ನುತ್ತಾರೆ, ಅವನ ಸ್ವರ ಮಾತ್ರ ಇಲ್ಲ. ನಾಚಿಕೆ ಇರಬೇಕು ಅಂದುಕೊಂಡೆ. ಅಪ್ಪಾಚಿಮೇಡಿನ ಏರಿನಲ್ಲಿ ತಿರುಗಿ ನೋಡಿದರೆ ದಾರಿಯ ಪಕ್ಕದ ಕಂಬಿ ಹಿಡಿದು ಬಗ್ಗಿ ನಿಂತಿದ್ದಾನೆ. ಭುಜ ಎರಡೂ ಕಿವಿಯ ತನಕ ಏರುತ್ತಿದೆ, ಎದೆಯಿಂದ ಸಿಳ್ಳೆಯಂತಹ ಶಬ್ದ, ತುಟಿಯ ಬಣ್ಣ ಹೋಗಿದೆ. "ಏನಾಯ್ತು ಸ್ವಾಮಿ?" ಅಂದೆ. ಎರಡು ಶಬ್ದ ಜೋಡಿಸಿ ಹೇಳಲು ಅವನಿಂದ ಆಗಲಿಲ್ಲ. ತಲೆಯ ಮೇಲಿನ ಇರುಮುಡಿಯನ್ನು ಮಾತ್ರ ಒಂದು ಕೈಯಿಂದ ಬಿಗಿಯಾಗಿ ಹಿಡಿದಿದ್ದ.

ನಮ್ಮ ತಂಡದಲ್ಲಿ ಒಬ್ಬರು ಡಾಕ್ಟರ್ ಸ್ವಾಮಿ ಇದ್ದರು. ಅವರು ಓಡಿ ಬಂದವರೇ, "ಇವನ ಇನ್ಹೇಲರ್ ಎಲ್ಲಿ?" ಎಂದು ಕೇಳಿದರು. ಹುಡುಗ ನನ್ನ ಮುಖ ನೋಡಿದ. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ಅಯ್ಯಪ್ಪನ ದಯೆಯಿಂದ ಅಪ್ಪಾಚಿಮೇಡಿನಲ್ಲೇ ತುರ್ತು ಚಿಕಿತ್ಸಾ ಕೇಂದ್ರ ಇದೆ. ಅಲ್ಲಿಗೆ ಹೊತ್ತುಕೊಂಡು ಹೋದೆವು. ಆಮ್ಲಜನಕ ಕೊಟ್ಟರು, ನೆಬ್ಯುಲೈಜರ್ ಇಟ್ಟರು. ಸ್ವಲ್ಪ ಹೊತ್ತಿನಲ್ಲಿ ಮುಖಕ್ಕೆ ಬಣ್ಣ ಬಂತು. ಆದರೆ ಅಲ್ಲಿನ ವೈದ್ಯರು ಮೇಲೆ ಹತ್ತಲು ಒಪ್ಪಲಿಲ್ಲ, ಕೆಳಗೆ ಪಂಪೆಗೆ ಕಳಿಸಿದರು. ನಾನು ಅವನ ಜೊತೆ ಇಳಿದೆ. ನಮ್ಮಿಬ್ಬರ ತುಪ್ಪದ ತೆಂಗಿನಕಾಯಿಯನ್ನು ಬೇರೆ ಸ್ವಾಮಿಗಳು ತೆಗೆದುಕೊಂಡು ಹೋಗಿ ಅಭಿಷೇಕ ಮಾಡಿಸಿದರು. ಆ ವರ್ಷ ಹುಡುಗನ ಕನ್ನಿ ಯಾತ್ರೆಯೂ ಪೂರ್ತಿಯಾಗಲಿಲ್ಲ, ನನ್ನ 17ನೆಯದೂ ಪೂರ್ತಿಯಾಗಲಿಲ್ಲ.

ಎದೆಯೊಳಗಿನ ಇರುಮುಡಿ

ವಾಪಸು ಬರುವಾಗ ರೈಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಡಾಕ್ಟರ್ ಸ್ವಾಮಿಯನ್ನು ಕೇಳಿದೆ: "ನಾನು ಮಾಡಿದ ತಪ್ಪು ಏನೆಂದು ನನಗೆ ಸರಿಯಾಗಿ ತಿಳಿಯಬೇಕು. ಉಸಿರು ಅಂದರೆ ಏನು, ಹೇಗೆ ನಡೆಯುತ್ತದೆ, ಹೇಳಿ." ಅವರು ಆ ರಾತ್ರಿ ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನು ನಿಮಗೆ ಹೇಳುತ್ತೇನೆ. ಇದನ್ನು ಪುರಾಣ ಕೇಳುವಷ್ಟೇ ಶ್ರದ್ಧೆಯಿಂದ ಓದಿ.

ಗಾಳಿ ಒಳಗೆ ಬರುವ ಮಹಾದ್ವಾರ ಮೂಗು. ಅಲ್ಲಿ ಕೂದಲು ದೊಡ್ಡ ಧೂಳನ್ನು ತಡೆಯುತ್ತದೆ, ಒಳಗಿನ ತೇವ ಸಣ್ಣ ಧೂಳನ್ನು ಅಂಟಿಸಿಕೊಳ್ಳುತ್ತದೆ. ತಂಪು ಗಾಳಿ ಬೆಚ್ಚಗಾಗಿ, ಒದ್ದೆಯಾಗಿ ಮುಂದೆ ಹೋಗುತ್ತದೆ. ಬಾಯಿಂದ ಉಸಿರಾಡುವವನಿಗೆ ಈ ಸೇವೆ ಸಿಗುವುದಿಲ್ಲ.

ಗಂಟಲು ದಾಟಿದರೆ ಶ್ವಾಸನಾಳ. ಅದು ಎದೆಯಲ್ಲಿ ಎರಡಾಗುತ್ತದೆ. ಎರಡು ನಾಲ್ಕು, ನಾಲ್ಕು ಎಂಟು, ಹೀಗೆ ಸುಮಾರು 23 ಸಲ ಕವಲೊಡೆಯುತ್ತದೆ. ಬೇರು ಮೇಲೆ, ಕೊಂಬೆ ಕೆಳಗೆ ಇರುವ ಅಶ್ವತ್ಥ ವೃಕ್ಷದ ಮಾತನ್ನು ಭಗವದ್ಗೀತೆಯ ಹದಿನೈದನೇ ಅಧ್ಯಾಯದಲ್ಲಿ ಕೇಳಿದ್ದೀರಿ. ಅಲ್ಲಿ ಹೇಳಿರುವುದು ಸಂಸಾರದ ವಿಷಯ. ಆದರೆ ಅಂಥದೇ ತಲೆಕೆಳಗಾದ ಮರ ಒಂದು ನಮ್ಮೆಲ್ಲರ ಎದೆಯಲ್ಲೂ ಇದೆ.

ಆ ಮರದ ತುದಿಯಲ್ಲಿ ಎಲೆಯ ಬದಲು ಪುಟ್ಟ ಗಾಳಿಚೀಲಗಳು. ಒಂದೆರಡಲ್ಲ, ಎರಡೂ ಶ್ವಾಸಕೋಶ ಸೇರಿ ಕೋಟ್ಯಂತರ. ಎಣಿಕೆ ಮಾಡಿದವರು 30 ಕೋಟಿಗೂ ಮೇಲೆ ಎನ್ನುತ್ತಾರೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ, ಅಂದರೆ 750 ಚದರ ಅಡಿ. ಮುಂಬಯಿಯಲ್ಲಿರುವ ನಮಗೆ ಬೇರೆ ಹೋಲಿಕೆ ಬೇಡ: ಚೆಂಬೂರಿನಲ್ಲಿ ಒಂದು ಟೂ ಬಿಎಚ್‌ಕೆ ಫ್ಲ್ಯಾಟ್! ಜೀವಮಾನವಿಡೀ ಸಾಲ ಕಟ್ಟಿದರೂ ಸಿಗದ ಜಾಗವನ್ನು ದೇವರು ಪುಕ್ಕಟೆಯಾಗಿ ಎದೆಯೊಳಗೆ ಮಡಚಿಟ್ಟಿದ್ದಾನೆ.

ಪ್ರತಿ ಗಾಳಿಚೀಲದ ಸುತ್ತ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳ ಬಲೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಎಷ್ಟು ತೆಳು ಎಂದರೆ ಅದು ಬರಿಗಣ್ಣಿಗೆ ಕಾಣುವಂಥದಲ್ಲ. ಆ ಗೋಡೆ ದಾಟಿ ಆಮ್ಲಜನಕ ರಕ್ತಕ್ಕೆ ಹೋಗುತ್ತದೆ, ರಕ್ತದಲ್ಲಿದ್ದ ಇಂಗಾಲದ ಡೈಆಕ್ಸೈಡ್ ಈಚೆ ಬರುತ್ತದೆ. ಒಂದು ಕೆಂಪು ರಕ್ತಕಣ ಈ ಜಾಗದಲ್ಲಿ ಇರುವುದು ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಕೊಡುವುದು ಕೊಟ್ಟು, ತೆಗೆದುಕೊಳ್ಳುವುದು ತೆಗೆದುಕೊಂಡು ಮುಂದೆ ಹೋಗಬೇಕು. ಮಂಡಲ ಕಾಲದ ನೂಕುನುಗ್ಗಲಿನಲ್ಲಿ ಸನ್ನಿಧಾನದ ಎದುರು ನಮಗೆ ಸಿಗುವ ದರ್ಶನದ ಹಾಗೆ. ಕ್ಷಣಮಾತ್ರ, ಆದರೂ ಸಾಕಾಗುತ್ತದೆ.

ನಾವು ಒಳಗೆ ತೆಗೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. ಹೊರಗೆ ಬಿಡುವಾಗ 16ರ ಆಸುಪಾಸು. ಇಷ್ಟೇ ವ್ಯಾಪಾರ, ಇದರ ಮೇಲೆ ಇಡೀ ದೇಹ ನಡೆಯುತ್ತದೆ.

ಇದನ್ನು ಎಳೆದು ಬಿಡುವ ತಿದಿ ಯಾವುದು? ಶ್ವಾಸಕೋಶಕ್ಕೆ ಸ್ವಂತ ಶಕ್ತಿ ಇಲ್ಲ. ಅದರ ಕೆಳಗೆ, ಎದೆ ಮತ್ತು ಹೊಟ್ಟೆಯ ನಡುವೆ ಗುಮ್ಮಟದ ಆಕಾರದ ಸ್ನಾಯು ಇದೆ. ಅದಕ್ಕೆ ವಪೆ ಎಂದು ಹೆಸರು. ಅದು ಬಿಗಿಯಾಗಿ ಕೆಳಗಿಳಿದರೆ ಎದೆಗೂಡು ದೊಡ್ಡದಾಗಿ ಗಾಳಿ ತಾನಾಗಿ ಒಳಗೆ ಬರುತ್ತದೆ. ಸಡಿಲವಾದರೆ ಗಾಳಿ ಹೊರಗೆ. ಸುಮ್ಮನೆ ಕೂತಾಗ ಒಂದು ಸಲಕ್ಕೆ ಸುಮಾರು ಅರ್ಧ ಲೀಟರ್, ನಿಮಿಷಕ್ಕೆ 12ರಿಂದ 20 ಸಲ.

ನಮ್ಮ ಹಿರಿಯರು ಮನುಷ್ಯ ಒಂದು ಹಗಲು ರಾತ್ರಿಯಲ್ಲಿ 21,600 ಸಲ ಉಸಿರಾಡುತ್ತಾನೆ, ಪ್ರತಿ ಉಸಿರೂ ಒಂದು ಜಪ, ಅದು ಅಜಪಾ ಜಪ ಎಂದರು. ಲೆಕ್ಕ ಹಾಕಿ ನೋಡಿ: 21,600ನ್ನು 24 ಗಂಟೆಗೆ ಹಂಚಿದರೆ ನಿಮಿಷಕ್ಕೆ ಸರಿಯಾಗಿ 15. ಇಂದಿನ ವೈದ್ಯರು ಹೇಳುವ 12 ಮತ್ತು 20ರ ನಡುವೆಯೇ ಬಂತು. ದಿನಕ್ಕೆ ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ. ನಮ್ಮ ಸೊಸೈಟಿಗಳಿಗೆ ಬರುವ ದೊಡ್ಡ ನೀರಿನ ಟ್ಯಾಂಕರಿನಷ್ಟು.

ಇನ್ನೊಂದು ಮಾತು ಡಾಕ್ಟರ್ ಸ್ವಾಮಿ ಹೇಳಿದ್ದು ನನಗೆ ಬಹಳ ಹಿಡಿಸಿತು. ಬಲಗಡೆಯ ಶ್ವಾಸಕೋಶಕ್ಕೆ ಮೂರು ಭಾಗ, ಎಡಗಡೆಯದಕ್ಕೆ ಎರಡೇ. ಯಾಕೆ? ಎಡಗಡೆ ಹೃದಯಕ್ಕೆ ಜಾಗ ಬಿಟ್ಟುಕೊಡಬೇಕಲ್ಲ. ಇರುಮುಡಿಗೂ ಎರಡು ಭಾಗ. ಮುಂದಿನದು ದೇವರಿಗೆ, ಹಿಂದಿನದು ನಮ್ಮ ದಾರಿಯ ಖರ್ಚಿಗೆ. ತಲೆಯ ಮೇಲೆ ಹೊರುವ ಇರುಮುಡಿ ವರ್ಷಕ್ಕೊಮ್ಮೆ. ಎದೆಯೊಳಗಿನ ಈ ಇರುಮುಡಿ ಹುಟ್ಟಿದ ಕ್ಷಣದಿಂದ ನಮ್ಮ ಜೊತೆಗಿದೆ. ಮೊದಲನೆಯದನ್ನು ನೆಲಕ್ಕೆ ತಾಗಿಸದೆ ಕಾಪಾಡುವ ನಾವು ಎರಡನೆಯದನ್ನು ಹೇಗೆ ಇಟ್ಟುಕೊಂಡಿದ್ದೇವೆ?

ಏರಿನಲ್ಲಿ ಏನಾಗುತ್ತದೆ

ಬೆಟ್ಟ ಹತ್ತುವಾಗ ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕ ಕೇಳುತ್ತವೆ, ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ರಕ್ತದಲ್ಲಿ ಅದು ಹೆಚ್ಚಾದ ಕೂಡಲೇ ತಲೆಯ ಹಿಂಬದಿಯಲ್ಲಿರುವ ಮೆದುಳಿನ ಕಾಂಡಕ್ಕೆ ಸುದ್ದಿ ಹೋಗುತ್ತದೆ. "ಬೇಗ ಉಸಿರಾಡು" ಎಂದು ಅಪ್ಪಣೆ ಬರುತ್ತದೆ. ಶಬರಿಮಲೆ ಹಿಮಾಲಯವಲ್ಲ, ಅಲ್ಲಿ ಗಾಳಿ ತೆಳುವಾಗಿಲ್ಲ. ನಮಗೆ ಏದುಸಿರು ಬರುವುದು ಏರಿನಿಂದ, ಅಭ್ಯಾಸ ಇಲ್ಲದ ಕಾಲಿನಿಂದ. ಆರೋಗ್ಯವಂತನಿಗೆ ನಾಲ್ಕು ನಿಮಿಷ ನಿಂತರೆ ಅದು ಸರಿಹೋಗುತ್ತದೆ.

ಅಸ್ತಮಾ ಇರುವವನ ಕಥೆ ಬೇರೆ. ಅವನ ಸಣ್ಣ ಶ್ವಾಸನಾಳಗಳ ಒಳಪದರ ಮೊದಲೇ ಊದಿಕೊಂಡಿರುತ್ತದೆ. ಹೊಗೆ, ಧೂಳು, ತಣ್ಣನೆಯ ಗಾಳಿ, ಜೋರಾದ ಶ್ರಮ, ಯಾವುದಾದರೂ ಒಂದು ತಾಗಿದರೆ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ, ದಾರಿ ಕಿರಿದಾಗುತ್ತದೆ. ನಾವೆಲ್ಲ ಅವನಿಗೆ ಗಾಳಿ ಒಳಗೆ ಹೋಗುತ್ತಿಲ್ಲ ಅಂದುಕೊಳ್ಳುತ್ತೇವೆ. ಹೆಚ್ಚಿನ ಕಷ್ಟ ಇರುವುದು ಗಾಳಿ ಹೊರಗೆ ಬರುವುದರಲ್ಲಿ. ಹಳೆಯ ಗಾಳಿ ಎದೆಯಲ್ಲೇ ಸಿಕ್ಕಿಕೊಂಡು ಹೊಸದಕ್ಕೆ ಜಾಗ ಇರುವುದಿಲ್ಲ. ಸಿಳ್ಳೆಯ ಶಬ್ದ ಬರುವುದು ಆ ಇಕ್ಕಟ್ಟಿನಿಂದ.

ಇನ್ಹೇಲರಿನಲ್ಲಿ ಸಾಮಾನ್ಯವಾಗಿ ಎರಡು ಬಗೆ. ಒಂದು, ಬಿಗಿದ ಸ್ನಾಯುವನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುವುದು, ತುರ್ತಿಗೆ. ಇನ್ನೊಂದು, ಒಳಗಿನ ಊತವನ್ನು ದಿನದಿನವೂ ಇಳಿಸುವುದು. ಎರಡನೆಯದರ ಗುಣ ಒಂದು ದಿನದಲ್ಲಿ ಕಾಣುವುದಿಲ್ಲ. ಹಾಗಾಗಿ "ನನಗೆ ಈಗ ಏನೂ ಇಲ್ಲ" ಎಂದು ಬಿಟ್ಟರೆ ಊತ ಒಳಗೊಳಗೇ ಬೆಳೆಯುತ್ತದೆ. ನಮ್ಮ ಹುಡುಗನಿಗೆ ಆದದ್ದು ಅದೇ. ವ್ರತ ಹಿಡಿದಾಗಿನಿಂದ ನಾಳಗಳು ಊದುತ್ತಾ ಬಂದಿದ್ದವು. ಅಪ್ಪಾಚಿಮೇಡಿಗೆ ಬರುವಾಗ ಅವನ ಎದೆಯಲ್ಲಿ ಜಾಗವೇ ಉಳಿದಿರಲಿಲ್ಲ. ನೀಲಿಮಲೆಯಲ್ಲಿ ಅವನ ಶರಣು ನಿಂತದ್ದು ನಾಚಿಕೆಯಿಂದಲ್ಲ. ಶರಣು ಕೂಗುವುದೆಂದರೆ ಉಸಿರನ್ನು ಉದ್ದಕ್ಕೆ ಹೊರಬಿಡುವುದು. ಅವನಿಂದ ಅದೊಂದೇ ಆಗುತ್ತಿರಲಿಲ್ಲ.

ಚೆಂಬೂರಿನ ಗಾಳಿ

ನಾವು ಚೆಂಬೂರಿನವರು ಇದನ್ನು ಬೇರೆಯವರಿಗಿಂತ ಹೆಚ್ಚು ತಿಳಿದಿರಬೇಕು. 1950ರ ದಶಕದಲ್ಲಿ ಮಾಹುಲ್ ಕಡೆ ತೈಲ ಶುದ್ಧೀಕರಣದ ಕಾರ್ಖಾನೆಗಳು ಬಂದವು. 60ರ ದಶಕದಲ್ಲಿ ರಸಗೊಬ್ಬರದ ಕಾರ್ಖಾನೆ ಬಂತು. ಪಕ್ಕದ ದೇವನಾರಿನಲ್ಲಿ 1927ರಿಂದ ಊರಿನ ಕಸ ರಾಶಿ ಬೀಳುತ್ತಿದೆ. ಚೆಂಬೂರಿಗೆ ಗ್ಯಾಸ್ ಚೇಂಬರ್ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. 2016ರ ಜನವರಿ ಕೊನೆಯಲ್ಲಿ ದೇವನಾರಿನ ಕಸಕ್ಕೆ ಬೆಂಕಿ ಬಿದ್ದಾಗ ಅದರ ಹೊಗೆ ಬಾಹ್ಯಾಕಾಶದ ಉಪಗ್ರಹದ ಚಿತ್ರದಲ್ಲೂ ಕಂಡಿತ್ತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಆ ದಿನಗಳಲ್ಲಿ ನಾವು ಕಿಟಕಿಗಳಿಗೆ ಒದ್ದೆ ಪಂಚೆ ಕಟ್ಟಿ ಕೂತದ್ದು ನನಗೆ ನೆನಪಿದೆ.

ಹೊಗೆಯಲ್ಲಿರುವ ಅತಿ ಸಣ್ಣ ಕಣಗಳು ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಚಿಕ್ಕವು. ಮೂಗಿನ ಕೂದಲಾಗಲಿ ಕಫವಾಗಲಿ ಅವನ್ನು ಪೂರ್ತಿ ತಡೆಯಲಾರದು. ನೇರ ಗಾಳಿಚೀಲಕ್ಕೆ ಇಳಿಯುತ್ತವೆ.

ಇದರಲ್ಲಿ ಇನ್ನೊಂದು ವಿಷಯ ನೋಡಿ. ನಮ್ಮ ಮಂಡಲ ವ್ರತ ನವೆಂಬರ್ ಮಧ್ಯದಿಂದ ಡಿಸೆಂಬರ್ ಕೊನೆಯವರೆಗೆ. ಮುಂಬಯಿಯ ಗಾಳಿ ಕೆಡುವುದೂ ಅದೇ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಕಡಲ ಗಾಳಿ ಊರನ್ನು ಗುಡಿಸಿ ಹೋಗುತ್ತದೆ. ಚಳಿಗಾಲದಲ್ಲಿ ಗಾಳಿ ನಿಲ್ಲುತ್ತದೆ, ಹೊಗೆ ನೆಲಕ್ಕೆ ಅಂಟಿಕೊಳ್ಳುತ್ತದೆ. ನಾವು ನಸುಕಿನಲ್ಲಿ ತಣ್ಣೀರು ಸ್ನಾನ ಮಾಡಿ ಬರಿಮೈಯಲ್ಲಿ ಹೊರಗೆ ಬರುವ ಹೊತ್ತಿಗೆ ಅದು ಬಾಗಿಲಲ್ಲೇ ಕಾದಿರುತ್ತದೆ.

ಹೊರಗಿನ ಹೊಗೆಗೆ ನಾವೊಬ್ಬರೇ ಏನು ಮಾಡೋಣ ಎನ್ನಬಹುದು. ಒಳಗಿನದಕ್ಕೆ ಮಾಡಬಹುದಲ್ಲ? ಹತ್ತಡಿ ಕೋಣೆಯಲ್ಲಿ ಮೂವತ್ತು ಸ್ವಾಮಿಗಳು, ಕಿಟಕಿ ಮುಚ್ಚಿ, ಕಟ್ಟುಗಟ್ಟಲೆ ಊದುಬತ್ತಿ, ತಟ್ಟೆ ತುಂಬ ಕರ್ಪೂರ. ಭಕ್ತಿ ಹೆಚ್ಚಿದಷ್ಟು ಹೊಗೆ ಹೆಚ್ಚಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಒಂದು ಬತ್ತಿ ಹಚ್ಚಿ, ಕಿಟಕಿ ತೆರೆಯಿರಿ. ಮೂಲೆಯಲ್ಲಿ ಕೆಮ್ಮುತ್ತಾ ಕೂತ ಕನ್ನಿಸ್ವಾಮಿಯ ಒಳಗೂ ಅದೇ ಅಯ್ಯಪ್ಪ ಇದ್ದಾನೆ.

ಶಾಸ್ತ್ರ ಏನು ಹೇಳುತ್ತದೆ

ಈಗ ಮೂಲ ಪ್ರಶ್ನೆಗೆ ಬರೋಣ. ಔಷಧ ತೆಗೆದುಕೊಂಡರೆ ವ್ರತಭಂಗವೇ?

ಹದಿನೆಂಟು ಮೆಟ್ಟಿಲು ಹತ್ತಿ ಮೇಲೆ ನೋಡಿದರೆ "ತತ್ತ್ವಮಸಿ" ಎಂದು ಬರೆದಿರುವುದು ಕಾಣುತ್ತದೆ. ನೀನು ಹುಡುಕಿಕೊಂಡು ಬಂದದ್ದು ನೀನೇ ಎಂದು ಅದರ ಭಾವ. ಆ ಮಾತು ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದ್ದು. ಉದ್ದಾಲಕ ಋಷಿ ಮಗ ಶ್ವೇತಕೇತುವಿಗೆ ಹೇಳಿದ್ದು. ಅದನ್ನು ಹೇಳುವ ಮೊದಲು ತಂದೆ ಮಗನಿಗೆ ಒಂದು ವ್ರತ ಮಾಡಿಸುತ್ತಾನೆ. ಹದಿನೈದು ದಿನ ಅನ್ನ ಬಿಡು ಎನ್ನುತ್ತಾನೆ. ಆದರೆ ಅದೇ ಉಸಿರಿನಲ್ಲಿ, ನೀರು ಬೇಕಾದಷ್ಟು ಕುಡಿ ಎನ್ನುತ್ತಾನೆ. ಯಾಕೆ? ಪ್ರಾಣವು ನೀರಿನಿಂದ ಆದದ್ದು, ನೀರು ಕುಡಿಯುವವನ ಪ್ರಾಣ ಕಡಿದುಹೋಗುವುದಿಲ್ಲ ಎಂದು.

ಇದನ್ನು ಗಮನಿಸಿ ಸ್ವಾಮಿ. ಅಷ್ಟು ಕಠಿಣ ವ್ರತ ಮಾಡಿಸಿದ ತಂದೆಯೂ ಪ್ರಾಣಕ್ಕೆ ಬೇಕಾದದ್ದನ್ನು ಬಿಡಿಸಲಿಲ್ಲ. ವ್ರತ ಇರುವುದು ಇಂದ್ರಿಯಗಳ ಚಪಲ ಬಿಡಲು, ಪ್ರಾಣ ಬಿಡಲು ಅಲ್ಲ. ಶ್ವೇತಕೇತುವಿಗೆ ನೀರು ಹೇಗೋ ಅಸ್ತಮಾ ಇರುವ ಸ್ವಾಮಿಗೆ ಇನ್ಹೇಲರ್ ಹಾಗೆ.

ಅದೇ ಉಪನಿಷತ್ತಿನ ಐದನೇ ಅಧ್ಯಾಯದಲ್ಲಿ ಇಂದ್ರಿಯಗಳ ಜಗಳದ ಕಥೆ ಇದೆ. ನಾನು ದೊಡ್ಡವ, ನಾನು ದೊಡ್ಡವ ಎಂದು ಎಲ್ಲವೂ ಪ್ರಜಾಪತಿಯ ಹತ್ತಿರ ಹೋದವು. ಯಾರು ಹೊರಟುಹೋದರೆ ಶರೀರ ತೀರಾ ಕೆಡುತ್ತದೋ ಅವನೇ ದೊಡ್ಡವ ಎಂದ ಪ್ರಜಾಪತಿ. ಮಾತು ಒಂದು ವರ್ಷ ಹೋಗಿ ಬಂತು, ಶರೀರ ಮೂಗನಂತೆ ಬದುಕಿತ್ತು. ಕಣ್ಣು ಹೋಗಿ ಬಂತು, ಕುರುಡನಂತೆ ಬದುಕಿತ್ತು. ಕಿವಿ ಹೋಯಿತು, ಮನಸ್ಸು ಹೋಯಿತು, ಆದರೂ ಬದುಕಿತ್ತು. ಕೊನೆಗೆ ಪ್ರಾಣ ಹೊರಡಲು ಎದ್ದಿತು. ಜಾತಿಕುದುರೆ ತನ್ನನ್ನು ಕಟ್ಟಿದ ಗೂಟಗಳನ್ನೇ ಕಿತ್ತುಕೊಂಡು ಏಳುವಂತೆ ಉಳಿದ ಇಂದ್ರಿಯಗಳೆಲ್ಲ ಬುಡಸಮೇತ ಕಿತ್ತುಬಂದವು. "ಸ್ವಾಮಿ, ಹೋಗಬೇಡ, ನೀನೇ ದೊಡ್ಡವ" ಎಂದು ಕೈಮುಗಿದವು.

ಅಪ್ಪಾಚಿಮೇಡಿನಲ್ಲಿ ನಾನು ಕಣ್ಣಾರೆ ಕಂಡದ್ದು ಇದನ್ನೇ. ಹುಡುಗನ ಮಾತು ಮೊದಲು ಹೋಯಿತು. ಕಣ್ಣು ಮಂಜಾಯಿತು. ಕರೆದದ್ದು ಕೇಳಿಸುತ್ತಿರಲಿಲ್ಲ. ಇನ್ನು ಸ್ವಲ್ಪ ಹೊತ್ತಾಗಿದ್ದರೆ... ಬೇಡ, ಅಯ್ಯಪ್ಪ ಕಾಪಾಡಿದ. ಅವತ್ತು ನನ್ನ ಭಕ್ತಿಯ ಸ್ಥಾನದಲ್ಲಿ ಅಹಂಕಾರ ಕೂತಿತ್ತು. "ಅಯ್ಯಪ್ಪ ನೋಡಿಕೊಳ್ಳುತ್ತಾನೆ" ಎಂದೆನಲ್ಲ, ಅವನು ನೋಡಿಕೊಳ್ಳುವ ಕ್ರಮ ಯಾವುದು? ಆ ಔಷಧ ಕಂಡುಹಿಡಿದವರ ಬುದ್ಧಿಯಾಗಿ, ಏರಿನಲ್ಲಿ ಕಾದು ಕೂತ ವೈದ್ಯರ ಕೈಯಾಗಿ ಅವನೇ ಬಂದಿದ್ದಾನೆ. ಬಂದವನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಸಿದವನು ನಾನು.

41ನೇ ದಿನದ ಮರುದಿನ

ಇನ್ನೊಂದು ಮಾತು, ಅಸ್ತಮಾ ಇಲ್ಲದ ಸ್ವಾಮಿಗಳಿಗೆ. ಮಾಲೆ ಬಿದ್ದ ದಿನ ಸಿಗರೇಟು ಬಿಡುತ್ತೀರಿ. ಬಹಳ ಸಂತೋಷ. ಮಾಲೆ ತೆಗೆದ ದಿನ, ಊರಿನ ರೈಲು ಇಳಿದ ಕೂಡಲೇ, ಸ್ಟೇಷನ್ನಿನ ಹೊರಗೆ ಪಾನ್ ಅಂಗಡಿಯ ಮುಂದೆ ನಿಲ್ಲುತ್ತೀರಿ. ನಾನು ನೋಡಿದ್ದೇನೆ, ಹೆಸರು ಹೇಳುವುದಿಲ್ಲ.

ಶ್ವಾಸನಾಳದ ಒಳಗೋಡೆಯಲ್ಲಿ ಅತಿ ಸೂಕ್ಷ್ಮ ರೋಮಗಳಿವೆ. ಒಂದೇ ತಾಳದಲ್ಲಿ ಮೇಲ್ಮುಖವಾಗಿ ಬೀಸುತ್ತಾ ಕಫವನ್ನೂ ಧೂಳನ್ನೂ ಗಂಟಲಿನ ಕಡೆಗೆ ಗುಡಿಸುತ್ತವೆ. ಸಿಗರೇಟಿನ ಹೊಗೆ ಅವನ್ನು ಮಂಕು ಮಾಡುತ್ತದೆ. ಬಿಟ್ಟ ಮೇಲೆ ಅವು ಮತ್ತೆ ಎಚ್ಚರಗೊಂಡು ಗುಡಿಸಲು ಶುರುಮಾಡುತ್ತವೆ. ವ್ರತದ ಮೊದಲ ವಾರಗಳಲ್ಲಿ ಕೆಲವರಿಗೆ ಕೆಮ್ಮು ಕಫ ಹೆಚ್ಚಾಗುವುದು ಅದಕ್ಕೇ. ಒಂದೆರಡು ದಿನದಲ್ಲೇ ರಕ್ತದಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ. ಎರಡರಿಂದ ಹನ್ನೆರಡು ವಾರದೊಳಗೆ ಶ್ವಾಸಕೋಶದ ಶಕ್ತಿ ಏರಲು ಶುರುವಾಗುತ್ತದೆ. ಏದುಸಿರು, ಕೆಮ್ಮು ಚೆನ್ನಾಗಿ ತಗ್ಗಲು ಕೆಲವು ತಿಂಗಳು ಬೇಕು.

ಅಂದರೆ 41 ದಿನ ಎಂಬುದು ರಿಪೇರಿ ಅರ್ಧಕ್ಕೆ ಬಂದ ಹೊತ್ತು. ಕಷ್ಟದ ಭಾಗ ಮುಗಿದಿರುತ್ತದೆ, ಫಲ ಬರಲು ಶುರುವಾಗಿರುತ್ತದೆ. ಆಗ ಮತ್ತೆ ಹಚ್ಚುವುದೆಂದರೆ ಅಪ್ಪಾಚಿಮೇಡು ಹತ್ತಿ ಮುಗಿಸಿ, ಶಬರಿಪೀಠದ ಹತ್ತಿರ ಬಂದು ತಿರುಗಿ ಇಳಿದಂತೆ. ಮಾಲೆ ತೆಗೆಯಿರಿ, ಆ ಒಂದು ನಿಯಮ ಮಾತ್ರ ತೆಗೆಯಬೇಡಿ.

ಈ ಮಂಡಲಕ್ಕೆ ನಮ್ಮ ತಂಡದ ನಿಯಮ

ಡಾಕ್ಟರ್ ಸ್ವಾಮಿಯ ಜೊತೆ ಕೂತು ಮಾಡಿದ್ದು. ನಿಮಗೂ ಉಪಯೋಗವಾಗಲಿ.

1. ಅಸ್ತಮಾ, ಹೃದಯದ ತೊಂದರೆ, ಬೇರೆ ಯಾವ ಕಾಯಿಲೆ ಇದ್ದರೂ ಮಾಲೆ ಹಾಕುವ ಮೊದಲು ಗುರುಸ್ವಾಮಿಗೆ ಹೇಳಬೇಕು, ನಿಮ್ಮ ಡಾಕ್ಟರನ್ನು ನೋಡಬೇಕು. ಮುಚ್ಚಿಡುವುದೂ ಸುಳ್ಳೇ, ವ್ರತದಲ್ಲಿ ಸುಳ್ಳು ಕೂಡದು.

2. ಡಾಕ್ಟರ್ ಬರೆದ ಔಷಧವನ್ನು ಒಂದು ದಿನವೂ ಬಿಡಬಾರದು. ತುರ್ತು ಇನ್ಹೇಲರ್ ಇರುಮುಡಿಯೊಳಗೆ ಅಲ್ಲ, ಕೈಗೆ ಸಿಗುವ ಹಾಗೆ ಹೆಗಲಿನ ಚೀಲದಲ್ಲಿ. ಇನ್ನೊಂದು, ಜೊತೆಯ ಸ್ವಾಮಿಯ ಚೀಲದಲ್ಲಿ.

3. ತಣ್ಣೀರು ಆಗದವರು ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ. ಶುದ್ಧಿ ಮುಖ್ಯ, ಚಳಿ ಅಲ್ಲ.

4. ಹೊರಡುವುದಕ್ಕೆ ಕೆಲವು ವಾರ ಮೊದಲೇ ನಡಿಗೆ, ಮೆಟ್ಟಿಲು ಅಭ್ಯಾಸ ಮಾಡಿ. ನಮ್ಮ ಛೇಡಾ ನಗರದ ಮುರುಗನ ದೇವಸ್ಥಾನಕ್ಕೆ 108 ಮೆಟ್ಟಿಲು. ಅಯ್ಯಪ್ಪನ ಅಣ್ಣನ ದರ್ಶನವೂ ಆಯಿತು, ಅಭ್ಯಾಸವೂ ಆಯಿತು. ಹೊಗೆಮಂಜು ದಟ್ಟವಾಗಿರುವ ನಸುಕಿನಲ್ಲಿ ಹೈವೇ ಪಕ್ಕ ಓಡಬೇಡಿ.

5. ಏರಿನಲ್ಲಿ ಮೂಗಿನಿಂದ ಉಸಿರೆಳೆದು, ಬಿಸಿ ಚಹಾ ಆರಿಸುವ ಹಾಗೆ ತುಟಿ ಕಿರಿದು ಮಾಡಿ ನಿಧಾನ ಬಿಡಿ. ತೀರಾ ಕಷ್ಟ ಆಗುವವರು ನೀಲಿಮಲೆಯ ಬದಲು ಸ್ವಾಮಿ ಅಯ್ಯಪ್ಪನ್ ರಸ್ತೆಯಲ್ಲಿ ಹೋಗಿ, ಅದು ಅಷ್ಟು ಕಡಿದಾಗಿಲ್ಲ.

6. ಅಳತೆಗೋಲು ಒಂದೇ: ಶರಣು. ನಡೆಯುತ್ತಾ ಗಟ್ಟಿಯಾಗಿ ಶರಣು ಕೂಗಲು ಆಗುತ್ತಿದ್ದರೆ ನಿಮ್ಮ ವೇಗ ಸರಿ ಇದೆ. ಕೂಗಲು ಆಗದಿದ್ದರೆ ನಿಧಾನ ಮಾಡಿ. ನಿಂತ ಮೇಲೂ ಆಗದಿದ್ದರೆ, ಎದೆ ನೋವು ಬಂದರೆ, ತುಟಿ ನೀಲಿಯಾದರೆ, ಇನ್ಹೇಲರ್ ತೆಗೆದುಕೊಂಡರೂ ಕಡಿಮೆಯಾಗದಿದ್ದರೆ ಕೂಡಲೇ ಹತ್ತಿರದ ಚಿಕಿತ್ಸಾ ಕೇಂದ್ರಕ್ಕೆ ಹೋಗಿ. ದಾರಿಯುದ್ದಕ್ಕೂ ಆಮ್ಲಜನಕದ ವ್ಯವಸ್ಥೆ ಇದೆ. ನಾಚಿಕೆ ಬೇಡ.

7. ಗುರುಸ್ವಾಮಿಗಳಿಗೆ ಒಂದು: ಯಾರ ಶರಣು ಕೇಳಿಸುತ್ತಿಲ್ಲ ಎಂದು ಕಿವಿಗೊಡಿ. ಕೇಳಿಸದವನ ಹತ್ತಿರ ನೀವೇ ಹೋಗಿ. ಔಷಧದ ವಿಷಯದಲ್ಲಿ ತಮಾಷೆ ಮಾಡಬೇಡಿ.

ಮರುವರ್ಷ

ಆ ಯಾತ್ರೆ ಮುಗಿಸಿ ಚೆಂಬೂರಿಗೆ ಬಂದ ದಿನವೇ ಹುಡುಗನ ಮನೆಗೆ ಹೋದೆ. ಅವನ ತಾಯಿಯ ಮುಂದೆ ನಿಂತು, "ಅಕ್ಕ, ತಪ್ಪು ನನ್ನದು" ಅಂದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಒಳಗೆ ಹೋಗಿ ಕಪಾಟಿನಿಂದ ಆ ನೀಲಿ ಇನ್ಹೇಲರ್ ತಂದು ನನ್ನ ಕೈಯಲ್ಲಿಟ್ಟು, "ಮುಂದಿನ ವರ್ಷ ಇದನ್ನು ನೀವೇ ಇಟ್ಟುಕೊಳ್ಳಿ ಅಣ್ಣ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಮರುವರ್ಷ ಅವನು ಮತ್ತೆ ಕನ್ನಿಸ್ವಾಮಿಯಾಗಿ ಬಂದ, ನಾನು ಮತ್ತೆ 17ನೇ ವರ್ಷದವನಾಗಿ. ವ್ರತದ ಒಂದು ದಿನವೂ ಔಷಧ ತಪ್ಪಿಸಲಿಲ್ಲ. ಹೊಸ ಇನ್ಹೇಲರ್ ಒಂದು ಅವನ ಚೀಲದಲ್ಲಿ, ಇನ್ನೊಂದು ನನ್ನ ಚೀಲದಲ್ಲಿ. ಅಪ್ಪಾಚಿಮೇಡಿನಲ್ಲಿ, ಹಿಂದಿನ ವರ್ಷ ಅವನು ಬಗ್ಗಿ ನಿಂತಿದ್ದ ಜಾಗದಲ್ಲಿ ಐದು ನಿಮಿಷ ಕೂತೆವು. ನೀರು ಕುಡಿದೆವು. ಅಕ್ಕಿಹಿಟ್ಟಿನ ಉಂಡೆ ಎಸೆದೆವು. ಮತ್ತೆ ಎದ್ದು ಹೆಜ್ಜೆ ಹಾಕುವಾಗ ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅವನ ಸ್ವರ ಬಂತು, "ಸ್ವಾಮಿಯೇ!"

ನಾವೆಲ್ಲ ಉತ್ತರ ಕೊಟ್ಟೆವು. ಶರಂಗುತ್ತಿಯಲ್ಲಿ ಅವನು ಶರ ನೆಟ್ಟ, ಹದಿನೆಂಟು ಮೆಟ್ಟಿಲು ಹತ್ತಿದ.

ಪ್ರಶ್ನೆ ಕಳಿಸಿದ ಕನ್ನಿಸ್ವಾಮಿ, ಉತ್ತರ ಸಿಕ್ಕಿತಲ್ಲ? ಇನ್ಹೇಲರ್ ಬಿಡಬೇಡಿ. ಇವತ್ತು ರಾತ್ರಿಯ ಪೂಜೆ ಮುಗಿದ ಮೇಲೆ, ಮಲಗುವ ಮೊದಲು ಒಂದು ನಿಮಿಷ ಕಣ್ಣು ಮುಚ್ಚಿ ಕೂತು ನಿಮ್ಮ ಉಸಿರನ್ನು ಎಣಿಸಿ. ನೀವು ನಿದ್ದೆ ಹೋದ ಮೇಲೂ ಆ ಜಪವನ್ನು ನಡೆಸುವವನು ಯಾರೋ ಅವನನ್ನು ನೋಡಲು ನಾವು ಬೆಟ್ಟ ಹತ್ತುತ್ತೇವೆ.

ಮುಂದಿನ ವಾರ ಹದಿನೆಂಟು ಮೆಟ್ಟಿಲುಗಳ ಅರ್ಥ ನೋಡೋಣ. ನಿಮ್ಮ ತಂಡದಲ್ಲಿ ಅಸ್ತಮಾ ಇರುವ ಸ್ವಾಮಿ ಇದ್ದರೆ ಇದನ್ನು ಅವರಿಗೂ ಅವರ ಗುರುಸ್ವಾಮಿಗೂ ಕಳಿಸಿ.

ಸ್ವಾಮಿ ಶರಣಂ.